ಮಂಡಿಪೇಟೆಯಲ್ಲಿ ಮುತ್ತಿನ ಸರ: ಬಿಳುಪಿಗಲ್ಲ, ಹೊಳಪಿಗೆ ದುಡ್ಡು ಕೊಡಿ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಸುತ್ತಿನ ಆಭರಣದಂಗಡಿಗಳಲ್ಲಿ ಮುತ್ತಿನ ಸರ ಕೇಳಿದರೆ ಸಾಮಾನ್ಯವಾಗಿ ಮೂರು ಬಗೆಯ ಮಾಲು ಮುಂದೆ ಬರುತ್ತದೆ. ಸಿಹಿನೀರಿನ ಕೃಷಿ ಮುತ್ತು (ಮನುಷ್ಯ ಚಿಪ್ಪಿನೊಳಗೆ ಬೆಳೆಸಿದ್ದು), ಚಿಪ್ಪಿನ ಪುಡಿಯಿಂದಲೋ ಚಿಪ್ಪಿನ ಮಣಿಗೆ ಲೇಪ ಕೊಟ್ಟೋ ಮಾಡಿದ ‘ಶೆಲ್ ಪರ್ಲ್’, ಗಾಜು ಅಥವಾ ಪ್ಲಾಸ್ಟಿಕ್‌ಗೆ ಬಣ್ಣ ಬಳಿದ ಮಣಿ. ಮೂರೂ ಬಿಳಿ, ಮೂರೂ ದುಂಡಗೆ, ಮೂರಕ್ಕೂ ಮಖಮಲ್ಲಿನ ಪೆಟ್ಟಿಗೆ. ಇಲ್ಲಿ ಪರಿಶೀಲಿಸುತ್ತಿರುವುದು ಮೊದಲನೆಯದನ್ನು: 6ರಿಂದ 7 ಮಿ.ಮೀ. ಗಾತ್ರದ ಸಿಹಿನೀರಿನ ಮುತ್ತಿನ ಒಂಟೆಳೆ ಸರ, 18 ಇಂಚು ಉದ್ದದ್ದು. ಮಧ್ಯಮ ವರ್ಗದ ಮನೆಯವರು ಮದುವೆಗೆ, ಸೀಮಂತಕ್ಕೆ, ಮಗಳ ಕೆಲಸದ ಮೊದಲ ಸಂಬಳಕ್ಕೆ ಹೆಚ್ಚಾಗಿ ಕೇಳುವುದು ಇದನ್ನೇ.

ತೀರ್ಮಾನ ಮೊದಲೇ ಹೇಳಿಬಿಡೋಣ. ಮಣಿಮಣಿಗೂ ಗಂಟು ಹಾಕಿ ರೇಷ್ಮೆ ದಾರದಲ್ಲಿ ಪೋಣಿಸಿದ್ದರೆ ಧಾರಾಳವಾಗಿ ಕೊಳ್ಳಿ. ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ. ಗಂಟಿಲ್ಲದೆ ಪ್ಲಾಸ್ಟಿಕ್ ತಂತಿಯಲ್ಲಿ ಪೋಣಿಸಿದ್ದರೆ ಪೋಣಿಸುವ ಕೂಲಿಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ‘ಎಎಎ ಗ್ರೇಡ್’ ಎಂಬ ಚೀಟಿ ನೋಡಿ ಮಾತ್ರ ಹೆಚ್ಚು ದುಡ್ಡು ಕೊಡಬೇಡಿ. ಮುತ್ತಿಗೆ ಚಿನ್ನದ ಹಾಲ್‌ಮಾರ್ಕ್‌ನಂಥ ಒಪ್ಪಿತ ದರ್ಜೆ ಇಲ್ಲ. ಒಂದು ಅಂಗಡಿಯ ಮೂರು ‘ಎ’ ಇನ್ನೊಂದು ಅಂಗಡಿಯಲ್ಲಿ ಒಂದೇ ‘ಎ’ ಆದೀತು.

“ಅಕ್ಕಾರೆ, ಇದು ಒರಿಜಿನಲ್ ಹೈದರಾಬಾದ್ ಮುತ್ತು ರೀ” ಎಂಬ ಮಾತು ಕೌಂಟರಿನಲ್ಲಿ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹೈದರಾಬಾದಿಗೆ ಕಡಲೇ ಇಲ್ಲ. ನಿಜಾಮರ ಕಾಲದಿಂದ ಆ ಊರಿಗೆ ಬಂದ ಹೆಸರು ಮುತ್ತು ಬೆಳೆದದ್ದಕ್ಕಲ್ಲ. ಆರಿಸಿ, ತೂತು ಕೊರೆದು, ಜೋಡಿಸಿ, ಪೋಣಿಸುವ ಕಸುಬಿಗೆ. ಹಿಂದೆ ಪರ್ಷಿಯನ್ ಕೊಲ್ಲಿಯ ಮುತ್ತು ಅಲ್ಲಿಗೆ ಬರುತ್ತಿತ್ತು, ಬಸ್ರಾ ಬಂದರಿನ ಹೆಸರಲ್ಲಿ ‘ಬಸ್ರಾ ಮುತ್ತು’ ಎಂದೇ ಕರೆಯುತ್ತಿದ್ದರು. ಈಗ ಚಾರ್‌ಮಿನಾರ್ ಸುತ್ತಲಿನ ಅಂಗಡಿಗಳ ಸಿಹಿನೀರಿನ ಮುತ್ತಿನಲ್ಲಿ ಬಹುಪಾಲು ಚೀನಾದ ಕೆರೆಕೊಳಗಳ ಬೆಳೆ. ಹಾಗಾಗಿ ಮಂಡಿಪೇಟೆಯಲ್ಲಿ ಕೊಂಡರೂ ಹೈದರಾಬಾದಿಗೆ ಹೋಗಿ ಕೊಂಡರೂ ಮೂಲ ಒಂದೇ. ಅಲ್ಲಿ ಆಯ್ಕೆ ಹೆಚ್ಚು. ಆದರೆ ಹೋಗಿಬರುವ ಖರ್ಚು ಒಂದು ಕಡೆ, ದಾರ ಸಡಿಲಾದರೆ ತಿರುಗಿ ಒಯ್ಯಲಾಗದ ಕಷ್ಟ ಇನ್ನೊಂದು ಕಡೆ. ಒಂದೇ ಸರಕ್ಕಾದರೆ ಊರಲ್ಲೇ ಕೊಳ್ಳುವುದು ಮೇಲು.

ವಜ್ರಕ್ಕೆ ಸಾಣೆ ಬೇಕು, ಪಚ್ಚೆಗೆ ಕೊರೆತ ಬೇಕು. ಮುತ್ತು ಚಿಪ್ಪಿನಿಂದ ಹೊರಬಂದಾಗಲೇ ತಯಾರು. ಸಾಣೆ ಹಿಡಿಯುವ ವಿದ್ಯೆ ಬೆಳೆಯುವ ಮೊದಲೇ ಮನುಷ್ಯ ಇದನ್ನು ಕೊರಳಿಗೆ ಕಟ್ಟಿಕೊಂಡದ್ದಕ್ಕೆ ಕಾರಣ ಇದೇ. ತಾಮ್ರಪರ್ಣಿ ಕಡಲು ಸೇರುವಲ್ಲಿದ್ದ ಪಾಂಡ್ಯರ ಕೊರ್ಕೈ ಬಂದರಿನ ಮುತ್ತು ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿಗೆ ಹೋಗುತ್ತಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ದೂತ ಅಬ್ದುರ್ ರಜಾಕ್, ಅಲ್ಲಿನ ಪೇಟೆಯಲ್ಲಿ ವರ್ತಕರು ಮುತ್ತು, ಮಾಣಿಕ್ಯ, ವಜ್ರಗಳನ್ನು ಬಯಲಲ್ಲೇ ಇಟ್ಟು ಮಾರುತ್ತಿದ್ದುದನ್ನು ಬರೆದಿದ್ದಾನೆ. ಬಳ್ಳದಲ್ಲಿ ಅಳೆದು ಮಾರಿದರೆಂದು ನಮ್ಮ ಜನ ಇವತ್ತಿಗೂ ಹೇಳುವುದು ಆ ಪೇಟೆಯ ಮಾತೇ. ಹೊಯ್ಸಳರ ಶಿಲ್ಪಗಳನ್ನು ನೋಡಿ: ಕೊರಳು, ತೋಳು, ಸೊಂಟದಿಂದ ಎಳೆಎಳೆಯಾಗಿ ಇಳಿಬಿದ್ದ ಮಣಿಸರಗಳು. ಇವತ್ತಿನ ಹೆಣ್ಣುಮಗಳು ಅದೇ ಅಳತೆಯ, ಅದೇ ಜೋಡಣೆಯ ಸರ ತೊಟ್ಟರೂ ಹಳತೆನಿಸುವುದಿಲ್ಲ. ಬಂಗಾರದ ವಿನ್ಯಾಸ ಇಪ್ಪತ್ತು ವರ್ಷಕ್ಕೆ ಹಳತಾಗಿ ಕರಗಿಸಲು ಹೋಗುತ್ತದೆ. ದುಂಡು ಮಣಿಯ ಒಂಟೆಳೆಗೆ ಆ ಗತಿ ಬಂದಿಲ್ಲ.

ಆದರೆ ಅದು ಎಲ್ಲರ ಕೈಗೆ ಎಟುಕಿದ್ದು ಈಚೆಗೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆ ಎಂದು ಹಿರಿಯರು ನಂಬಿದ್ದರು. ನಿಜದಲ್ಲಿ ಚಿಪ್ಪಿನ ಜೀವಿಯ ಮೈಹೊದಿಕೆಗೆ ಪೆಟ್ಟಾದಾಗ, ಅಥವಾ ಪರಾವಲಂಬಿ ಒಳಹೊಕ್ಕಾಗ, ಆ ಹೊದಿಕೆಯ ಕೋಶಗಳು ಒಳಗೆ ಸೇರಿಕೊಂಡು ಚೀಲ ಕಟ್ಟಿ ಪದರದ ಮೇಲೆ ಪದರ ಸುರಿಸುತ್ತವೆ. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಅರೆದುಂಡಿನ ಮುತ್ತು ಬೆಳೆಸಿದ. ಮುಂದಿನ ಎರಡು ದಶಕಗಳಲ್ಲಿ ಪೂರ್ತಿ ದುಂಡಗಿನ ಮುತ್ತು ಬೆಳೆಸುವ ವಿಧಾನವೂ ಕೈಗೆ ಬಂತು. 1917ರಲ್ಲಿ ಆಭರಣದ ಕಾರ್ಟಿಯೆ ಕಂಪನಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ಒಂದು ಮಹಲನ್ನು ಕೊಂಡಾಗ ಕೊಟ್ಟದ್ದು ನೂರು ಡಾಲರ್ ಮತ್ತು ಹತ್ತು ಲಕ್ಷ ಡಾಲರ್ ಬೆಲೆಯ ಎರಡೆಳೆ ಸಹಜ ಮುತ್ತಿನ ಸರ. ಅದೇ ಸರ 1950ರ ದಶಕದಲ್ಲಿ ಹರಾಜಿಗೆ ಬಂದಾಗ ಎರಡು ಲಕ್ಷ ಡಾಲರೂ ಬರಲಿಲ್ಲ. ಕೃಷಿ ಮುತ್ತು ಬೆಲೆಯನ್ನು ಅಷ್ಟು ಇಳಿಸಿತ್ತು. ರಾಣಿಯರ ಕೊರಳಲ್ಲಿದ್ದದ್ದು ಶಾಲೆ ಮೇಡಂ ಕೊರಳಿಗೂ ಬಂದದ್ದು ಹೀಗೆ. ಸಹಜ ಮುತ್ತಿನ ಮಾನ ಮತ್ತೆ ಏರಿದೆ ಎಂಬುದೂ ಗಮನದಲ್ಲಿರಲಿ: ಬರೋಡಾ ಅರಮನೆಯ ಮುತ್ತಿನ ಎರಡೆಳೆ ಸರ 2007ರ ಹರಾಜಿನಲ್ಲಿ 70 ಲಕ್ಷ ಡಾಲರ್ ದಾಟಿತು.

ಈಗ ಮಾಲಿನ ವಿಷಯ. ಸಿಹಿನೀರಿನ ಮುತ್ತಿನ ದೊಡ್ಡ ಗುಣ ಅದರ ಒಳಗಿದೆ. ಕಡಲಿನ ಚಿಪ್ಪಿನಲ್ಲಿ ಬೆಳೆಸುವ ‘ಅಕೋಯಾ’ ಮುತ್ತಿನ ನಡುವೆ ಚಿಪ್ಪಿನಿಂದ ಕಡೆದ ಗುಂಡು ಮಣಿ ಇರುತ್ತದೆ, ಮೇಲಿನ ಮುತ್ತಿನ ಪದರ ಅರ್ಧ ಮಿಲಿಮೀಟರಿನ ಆಸುಪಾಸು. ಬೇಗ ಕೊಯ್ಲು ಮಾಡಿದ ಅಗ್ಗದ ಮಾಲಾದರೆ ಇನ್ನೂ ತೆಳು. ವರ್ಷಗಳ ಬೆವರಿಗೆ ಅದು ಸವೆದು ಒಳಗಿನ ಮಣಿ ಕಾಣುವುದುಂಟು. ಸಿಹಿನೀರಿನದರಲ್ಲಿ ಸಾಮಾನ್ಯವಾಗಿ ಒಳಗೆ ಮಣಿ ಇಡುವುದಿಲ್ಲ, ಚೂರು ಅಂಗಾಂಶ ಮಾತ್ರ. ಹೀಗಾಗಿ ಹೊರಗಿಂದ ನಡುವಿನವರೆಗೂ ಮುತ್ತೇ. ಒಂದೇ ಚಿಪ್ಪು ಮೂವತ್ತು ನಲವತ್ತು ಮುತ್ತು ಕೊಡುವುದರಿಂದ ಬೆಲೆಯೂ ಇಳಿಯುತ್ತದೆ. ಕುಂದು ಅಂದರೆ ಆಕಾರ. ಒಳಗೆ ಗುಂಡು ಇಲ್ಲವಾದ್ದರಿಂದ ಪೂರ್ತಿ ದುಂಡಗಾಗುವುದು ಕಡಿಮೆ. ಅಕ್ಕಿ ಕಾಳಿನಂತೆ, ಆಲೂಗಡ್ಡೆಯಂತೆ, ಗುಂಡಿಯಂತೆ ಚಪ್ಪಟೆಯಾಗಿ ಬರುತ್ತವೆ. ಆಣಿಮುತ್ತಿನ ದುಂಡು ಬೇಕೆಂದರೆ ಬೆಲೆ ಏರುತ್ತದೆ. ಕೊರಳಿನಲ್ಲಿ ಒಂದು ಮೊಳ ದೂರದಿಂದ ಕಾಣದಷ್ಟು ಚೂರು ಓರೆಯಿದ್ದ ಮುತ್ತೇ ನಮ್ಮ ಆಯ್ಕೆ. ಉಳಿದ ದುಡ್ಡನ್ನು ಹೊಳಪಿಗೆ ಹಾಕಿ.

ಹೊಳಪನ್ನು ನೋಡುವ ಬಗೆ ಹೀಗೆ. ನೀಲಿ ಮಖಮಲ್ಲಿನ ಮೇಲೆ, ಹಳದಿ ಸ್ಪಾಟ್‌ಲೈಟಿನ ಕೆಳಗೆ ಯಾವ ಮಣಿಯೂ ಚೆನ್ನ. ಸರವನ್ನು ಬಿಳಿ ಅಥವಾ ಬೂದು ಬಣ್ಣದ ಬಟ್ಟೆಯ ಮೇಲೆ ಹಾಸಿಸಿ, ಅಂಗಡಿಯ ಬಾಗಿಲ ಹತ್ತಿರ ಹಗಲು ಬೆಳಕಿಗೆ ತರಿಸಿ. ನೇರ ಬಿಸಿಲು ಬೇಡ. ಮಣಿಯ ಮೈಮೇಲೆ ಟ್ಯೂಬ್‌ಲೈಟಿನ ಅಥವಾ ಬಾಗಿಲಿನ ಬಿಂಬ ಹುಡುಕಿ. ಅಂಚು ಚೂಪಾಗಿ, ಗೆರೆ ಎಳೆದಂತೆ ಕಂಡರೆ ಒಳ್ಳೆಯ ಮುತ್ತು. ಬಿಂಬ ಮಂಜಾಗಿ ಹರಡಿಕೊಂಡರೆ ಸೀಮೆಸುಣ್ಣದ ಜಾತಿ. ಎಷ್ಟು ಬೆಳ್ಳಗಿದ್ದರೂ ಬಿಡಿ. ಇದಕ್ಕೆ ಕಾರಣವಿದೆ. ಮುತ್ತಿನ ಪದರ ಕಟ್ಟಿರುವ ಒಂದೊಂದು ಸೂಕ್ಷ್ಮ ಹಲಗೆಯೂ ಸುಮಾರು ಅರ್ಧ ಮೈಕ್ರಾನ್ (ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು) ದಪ್ಪ, ಅಂದರೆ ಬೆಳಕಿನ ಅಲೆಯ ಅಳತೆಗೆ ಹತ್ತಿರ. ಹಲಗೆಗಳು ಒತ್ತಾಗಿ, ಸಮವಾಗಿ ಕೂತಾಗ ಬೆಳಕು ಒಳಹೊಕ್ಕು ಮರಳಿ, ನಸುಗುಲಾಬಿ, ನಸುಹಸಿರಿನ ಛಾಯೆ ಮೂಡುತ್ತದೆ. ಹಾಲುಬಿಳುಪು ಇದಕ್ಕೆ ಸಾಟಿಯಲ್ಲ. ಬಿಳಿ ಮುತ್ತನ್ನು ಸಾಮಾನ್ಯವಾಗಿ ಬ್ಲೀಚ್ ಮಾಡಿರುತ್ತಾರೆ. ಅದು ವಂಚನೆಯಲ್ಲ, ವ್ಯಾಪಾರದ ರೂಢಿ. ಅತಿಯಾದ ಬ್ಲೀಚಿನಿಂದ ಮೈ ಒಣಗಿ ಹೊಳಪು ಸಾಯುತ್ತದೆ. ತುಸು ಕೆನೆಬಣ್ಣದ, ಚೂಪು ಬಿಂಬದ ಸರ ನಮ್ಮವರ ಗೋಧಿ ಮೈಬಣ್ಣಕ್ಕೆ ಒಪ್ಪುವಷ್ಟು ಸುಣ್ಣಬಿಳುಪಿನದು ಒಪ್ಪುವುದಿಲ್ಲ.

ಅಸಲಿಯೋ ನಕಲಿಯೋ ನೋಡಲು ತೂತೇ ಸಾಕ್ಷಿ. 10 ಪಟ್ಟು ದೊಡ್ಡದು ಮಾಡುವ ಲೂಪ್ ಪ್ರತಿ ಆಭರಣದಂಗಡಿಯಲ್ಲೂ ಇರುತ್ತದೆ, ಕೇಳಿ ಪಡೆಯಿರಿ. ಅಸಲಿ ಮುತ್ತಿನ ತೂತಿನ ಅಂಚು ಚೂಪು, ಒಳಗೋಡೆ ಒಂದೇ ಹದ. ನಕಲಿಯಲ್ಲಿ ಅಂಚಿನ ಲೇಪ ಸಿಪ್ಪೆಯಂತೆ ಎದ್ದಿರುತ್ತದೆ, ಕೆಳಗೆ ಗಾಜಿನ ಮಿಂಚು ಕಾಣುತ್ತದೆ. ಬಣ್ಣ ಕೊಟ್ಟ ಕರಿಮುತ್ತು, ನೇರಳೆ ಮುತ್ತುಗಳಲ್ಲಿ ತೂತಿನ ಸುತ್ತ ಬಣ್ಣ ಗಾಢವಾಗಿ ಮಡುಗಟ್ಟಿರುತ್ತದೆ. ಎರಡನೆಯ ಪರೀಕ್ಷೆ: ಎರಡು ಮಣಿಗಳನ್ನು ಒಂದಕ್ಕೊಂದು ಹಗುರಾಗಿ ಉಜ್ಜಿ. ಅಸಲಿಯಾದರೆ ನುಣ್ಣನೆ ಮರಳು ಉಜ್ಜಿದಂತೆ ಕರಕರ ಎನ್ನುತ್ತದೆ. ಬಿದ್ದ ಪುಡಿ ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಗೀರು ಉಳಿಯದು. ಲೇಪದ ಮಣಿ ಜಾರುತ್ತದೆ. ಇದರಿಂದ ಸಹಜವೋ ಕೃಷಿಯೋ ತಿಳಿಯದು. ಅದಕ್ಕೆ ಎಕ್ಸ್‌ರೇ ಬೇಕು.

ತೂಕದ ಪರೀಕ್ಷೆ ಅರ್ಧ ಮಾತ್ರ ನಂಬಿ. 7 ಮಿ.ಮೀ. ಮುತ್ತು ಒಂದಕ್ಕೆ ಸುಮಾರು 0.48 ಗ್ರಾಂ. ಗಂಟು ಹಾಕಿದ 18 ಇಂಚಿನ ಸರದಲ್ಲಿ ಕೊಂಡಿ ಬಿಟ್ಟು 58 ಮಣಿ ಹಿಡಿಯುತ್ತವೆ, ಒಟ್ಟು 28 ಗ್ರಾಂ ಹತ್ತಿರ. ಅದೇ ಅಳತೆಯ ಪ್ಲಾಸ್ಟಿಕ್ ಸರ ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ. ಗಾಜಿನದು ಮುತ್ತಿನಷ್ಟೇ ತೂಗುವುದರಿಂದ ತಕ್ಕಡಿಗೆ ಸಿಕ್ಕಿಬೀಳುವುದಿಲ್ಲ.

ಬೆಂಕಿಕಡ್ಡಿ ಗೀರಿ ಮಣಿಗೆ ಹಿಡಿದು “ನೋಡ್ರಿ, ಸುಡಲಿಲ್ಲ” ಎಂದು ತೋರಿಸುವ ಪರೀಕ್ಷೆಗೆ ಒಪ್ಪಲೇಬೇಡಿ. ಗಾಜೂ ಸುಡುವುದಿಲ್ಲ, ಹಾಗಾಗಿ ಅದು ಏನನ್ನೂ ಸಾಬೀತು ಮಾಡದು. ಅಸಲಿ ಮುತ್ತಿಗೋ ಬಿಸಿಯಿಂದ ಹಾನಿ: ಅದರೊಳಗೆ ನೂರಕ್ಕೆ 2ರಿಂದ 4 ಪಾಲು ನೀರಿದೆ, ಪದರಗಳನ್ನು ಹಿಡಿದಿಟ್ಟ ಅಂಟು ಒಂದು ಬಗೆಯ ಪ್ರೋಟೀನು. ಕಾವಿಗೆ ಅದು ಒಣಗಿ ಬಿರಿಯುತ್ತದೆ.

ಇನ್ನು ದಾರ. ಕೊಳ್ಳುವವರು ಕೊನೆಗೆ ನೋಡುವ, ಆದರೆ ಸರ ಮೊದಲು ಸೋಲುವ ಜಾಗ ಇದು. ಹತ್ತಿಯ ಗಿರಣಿಗಳಿಂದ ಹೆಸರು ಮಾಡಿದ ಊರಿನಲ್ಲಿ ಹೇಳಲು ಸಂಕೋಚವಾದರೂ, ಮುತ್ತಿಗೆ ಹತ್ತಿ ದಾರ ಒಗ್ಗುವುದಿಲ್ಲ. ಬೆವರು ಹೀರಿ ಬೇಗ ಲಡ್ಡಾಗುತ್ತದೆ. ನೈಲಾನ್ ತಂತಿ ಗಟ್ಟಿ, ಆದರೆ ಸರ ಕೊರಳಿಗೆ ಹೊಂದಿ ಕೂರದೆ ಸೆಟೆದು ನಿಲ್ಲುತ್ತದೆ, ತೂತಿನ ಅಂಚನ್ನೂ ಕೊರೆಯುತ್ತದೆ. ಹುರಿ ಮಾಡಿದ ರೇಷ್ಮೆ ದಾರವೇ ಸರಿ. ಪೋಣಿಸುವವರ ಕೆಲಸವನ್ನು ನೀವು ಅಳೆಯಬೇಕಾದದ್ದು ಹೀಗೆ: ದಾರವನ್ನು ಮೊದಲು ಚೆನ್ನಾಗಿ ಎಳೆದು ಹಿಗ್ಗಿಸಿರಬೇಕು, ಇಲ್ಲದಿದ್ದರೆ ತಿಂಗಳೊಳಗೆ ಸರ ಜೋತುಬೀಳುತ್ತದೆ. ದಾರದ ದಪ್ಪ ತೂತಿಗೆ ತುಂಬಿ ಬರಬೇಕು. ತೂತು ಸಾಮಾನ್ಯವಾಗಿ 0.7 ಮಿ.ಮೀ. ಆಸುಪಾಸು, ದಾರ ತೆಳುವಾದರೆ ಗಂಟೇ ತೂತಿನೊಳಗೆ ಜಾರಿಹೋಗುತ್ತದೆ. ಪ್ರತಿ ಮಣಿಯ ನಂತರ ಒಂದು ಗಂಟು, ಸೂಜಿಯ ಮೊನೆಯಿಂದ ತಳ್ಳಿ ಮಣಿಗೆ ಒತ್ತಿ ಕೂರಿಸಿದ್ದು. ಕೊಂಡಿಯ ಬಳಿ ದಾರ ಲೋಹಕ್ಕೆ ಉಜ್ಜದಂತೆ ಸುರುಳಿ ತಂತಿಯ ಕವಚ. 18 ಇಂಚಿನ ಸರಕ್ಕೆ ಜೋಡಿ ಎಳೆಯಲ್ಲಿ ಪೋಣಿಸಲು 2 ಮೀಟರ್ ದಾರ ಬೇಕು. ಅದರಲ್ಲಿ ಉಳಿಸಹೊರಟವರು ಕೊನೆಯ ನಾಲ್ಕೈದು ಮಣಿಗೆ ಗಂಟು ಹಾಕದೆ ಅಂಟು ಹಚ್ಚಿ ಮುಗಿಸಿರುತ್ತಾರೆ, ಅಲ್ಲೇ ನೋಡಿ.

ಗಂಟಿನಿಂದ ಎರಡು ಲಾಭ. ಮದುವೆ ಮನೆಯ ನೂಕಿನಲ್ಲಿ ಸರ ಕಿತ್ತರೆ ಬೀಳುವುದು ಒಂದೇ ಮಣಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಚೆಲ್ಲಿದರೂ ಹೋದಂತೆಯೇ. ಎರಡನೆಯದು, ಮಣಿಗೆ ಮಣಿ ತಿಕ್ಕುವುದಿಲ್ಲ. ವಜ್ರಕ್ಕೆ 10 ಕೊಡುವ ಮೋಹ್ಸ್ ಅಳತೆಯಲ್ಲಿ ಮುತ್ತಿನ ಗಡಸುತನ ಬರೀ 2.5ರಿಂದ 4.5, ಒಂದಕ್ಕೊಂದು ಉಜ್ಜಿದರೂ ತೂತಿನ ಬಾಯಿ ಸವೆಯುತ್ತದೆ. ಗಂಟಿಗೂ ಮಣಿಗೂ ನಡುವೆ ಬರಿ ದಾರ ಕಾಣತೊಡಗಿದರೆ, ಅಥವಾ ದಾರ ಕಂದಿದರೆ, ಹೊಸದಾಗಿ ಪೋಣಿಸಿ. ವಾರಕ್ಕೊಮ್ಮೆ ತೊಡುವ ಸರವಾದರೆ ಒಂದೆರಡು ವರ್ಷಕ್ಕೊಮ್ಮೆ ಆ ಕೆಲಸ ಬಂದೇ ಬರುತ್ತದೆ. ಕೊಳ್ಳುವಾಗಲೇ “ಅಣ್ಣಾರೆ, ಮುಂದೆ ಪೋಣಿಸಿ ಕೊಡ್ತೀರಾ, ಗಂಟು ಹಾಕೋರು ಇದ್ದಾರಾ?” ಎಂದು ಕೇಳಿ. ಹೌದು ಎನ್ನುವ ಅಂಗಡಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಚಿನ್ನದ ಜೊತೆ ಮುತ್ತು ಬಂದಾಗ ಲೆಕ್ಕ ಬೇರೆ. ಹಾಲ್‌ಮಾರ್ಕಿನ ಆರು ಅಕ್ಷರಾಂಕಿಗಳ ಗುರುತುಸಂಖ್ಯೆ (ಎಚ್‌ಯುಐಡಿ) ಚಿನ್ನದ ಶುದ್ಧತೆಗೆ ಮಾತ್ರ, ಮುತ್ತಿನ ಬಗ್ಗೆ ಅದು ಏನನ್ನೂ ಹೇಳದು. ಬಿಲ್ಲಿನಲ್ಲಿ ಒಟ್ಟು ತೂಕ, ಮುತ್ತಿನ ತೂಕ, ನಿವ್ವಳ ಚಿನ್ನದ ತೂಕ ಮೂರೂ ಬೇರೆಬೇರೆ ಇರಲಿ. 3 ಮಿ.ಮೀ. ಸಣ್ಣ ಮುತ್ತು 50 ಇದ್ದರೆ ಸುಮಾರು 1.9 ಗ್ರಾಂ. ಅದನ್ನು ಕಳೆಯದೆ ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿದರೆ ಹತ್ತಿರ ಹತ್ತಿರ 2 ಗ್ರಾಂ ಚಿನ್ನದ ದುಡ್ಡು ಮುತ್ತಿಗೆ ಹೋಯಿತು; ಮಜೂರಿಯೂ ಅದರ ಮೇಲೆ ಏರುತ್ತದೆ. ಮರಳಿ ಮಾರುವಾಗ ಮಾತ್ರ ಮುತ್ತನ್ನು ಕಳೆದೇ ತೂಗುತ್ತಾರೆ. ಈಗ ಮದುವೆಗಳಲ್ಲಿ ಬಲು ಬೇಡಿಕೆಯ ಗುಟ್ಟಪೂಸಲು ಹಾರದಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು, ಅಂಚಿನುದ್ದಕ್ಕೂ ಗೊಂಚಲು ಮುತ್ತು ಇರುವುದರಿಂದ. ನೋಡಲು ಅದಕ್ಕೆ ಸಮನಿಲ್ಲ. ಆದರೆ ತೆಳು ತಂತಿಗೆ ಸಿಕ್ಕಿಸಿದ ಮಣಿಗಳು ಸೀರೆಯ ಜರಿಗೆ ಸಿಕ್ಕಿ ಕಳಚುತ್ತವೆ. ತಂತಿಯ ತುದಿ ಒಳಕ್ಕೆ ಮಡಚಿದೆಯೇ ಎಂದು ಬೆರಳು ಸವರಿ ನೋಡಿ.

ಚಂದ್ರನಿಗೆಂದು ಹಾಕುವ ಮುತ್ತಿನ ಉಂಗುರಕ್ಕೆ ನಮ್ಮಿಂದ ಕಡಿಮೆ ಅಂಕ. ಸಾಮಾನ್ಯವಾಗಿ ಅರ್ಧ ಕೊರೆದು ಕಡ್ಡಿಗೆ ಅಂಟಿಸಿರುತ್ತಾರೆ. ದಿನಾ ಪಾತ್ರೆ ಸೋಪು, ಬಿಸಿನೀರಿಗೆ ಅಂಟು ಬಿಡುತ್ತದೆ, ಮೈ ಮಾಸುತ್ತದೆ. ನಂಬಿಕೆಯಿಂದ ತೊಡುವವರು ಪದಕವಾಗಿ ಮಾಡಿಸಿಕೊಂಡರೆ ಮುತ್ತು ಹೆಚ್ಚು ಬಾಳುತ್ತದೆ.

ಮನೆಯಲ್ಲಿ ಕೆಡುವುದು ಬಹಳ ಮಟ್ಟಿಗೆ ತೊಳೆಯುವ ಕೈಯಿಂದ. ಚಿನ್ನಕ್ಕೆ ಅಂಟುವಾಳ, ಬೆಳ್ಳಿಗೆ ಹುಣಸೆಹಣ್ಣು ಹಾಕಿ ರೂಢಿಯಿರುವವರು ಮುತ್ತಿಗೂ ಅದನ್ನೇ ಹಾಕುತ್ತಾರೆ. ಮುತ್ತು ಬಹುತೇಕ ಸುಣ್ಣದ ಕಾರ್ಬೊನೇಟು. ಹುಳಿ ತಾಗಿದ ಕೂಡಲೇ ಮೇಲ್ಮೈ ಕರಗತೊಡಗುತ್ತದೆ. ನಿಂಬೆ, ವಿನೆಗರ್, ಟೂತ್‌ಪೇಸ್ಟ್, ಅಡುಗೆ ಸೋಡಾ, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ, ಯಾವುದೂ ಬೇಡ. ತೊಟ್ಟು ಬಂದ ದಿನವೇ ಮೆತ್ತನೆಯ ಹಸಿ ಬಟ್ಟೆಯಿಂದ ಬೆವರು ಒರೆಸಿ, ಒಣಬಟ್ಟೆಯ ಮೇಲೆ ಮಲಗಿಸಿ ಒಂದು ರಾತ್ರಿ ಬಿಡಿ. ತೂಗುಹಾಕಿದರೆ ಒದ್ದೆ ರೇಷ್ಮೆ ಹಿಗ್ಗುತ್ತದೆ. ಪೌಡರು, ಸೆಂಟು, ಹೇರ್‌ಸ್ಪ್ರೇ ಎಲ್ಲಾ ಮುಗಿದ ಮೇಲೆ ಸರ ಹಾಕಿ. ಅಕ್ಷತೆಯ ಅರಿಶಿನ ಕುಂಕುಮ ದಾರಕ್ಕೆ ಹತ್ತಿದರೆ ಹೋಗದು. ಕಲ್ಲಿನ ನೆಕ್ಲೇಸಿನ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಗೀರುತ್ತದೆ. ಬೇಸಿಗೆಯಲ್ಲಿ ದಾವಣಗೆರೆ, ಚಿತ್ರದುರ್ಗದ ಗಾಳಿ ಮೊದಲೇ ಒಣಗಿದ್ದು. ಬ್ಯಾಂಕ್ ಲಾಕರಿನಲ್ಲಿ ಪ್ಲಾಸ್ಟಿಕ್ ಕವರು, ತೇವ ಹೀರುವ ಸಿಲಿಕಾ ಪೊಟ್ಟಣ ಸಮೇತ ವರ್ಷಗಟ್ಟಲೆ ಮುಚ್ಚಿಟ್ಟರೆ ಮುತ್ತು ಬಿರಿಯುತ್ತದೆ. ಹತ್ತಿಬಟ್ಟೆಯ ಚೀಲದಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ತೊಡಿ.

ಹಳೆಯ ಬುಗುಡಿ, ನತ್ತು, ಜುಮುಕಿಗಳನ್ನು ಪಾಲಿಷಿಗೋ ಹೊಸದಾಗಿ ಪೋಣಿಸಲೋ ಕೊಡುವ ಮುನ್ನ ಒಂದು ಎಚ್ಚರ. ಅಜ್ಜಿಯ ಕಾಲದ ಆ ಸಣ್ಣ, ಓರೆಕೋರೆ, ಹಳದಿ ತಿರುಗಿದ ಮುತ್ತು ಕೃಷಿ ಮುತ್ತು ಬಳಕೆಗೆ ಬರುವ ಮೊದಲಿನದಾಗಿರಬಹುದು, ಅಂದರೆ ಕೊಲ್ಲಿಯ ಸಹಜ ಮುತ್ತು. “ಹಳೇದು ಮಾಸಿದೆ ಅಮ್ಮಾ, ಹೊಸದು ಹಾಕಿ ಕೊಡ್ತೀವಿ” ಎಂಬ ಮಾತಿಗೆ ತಲೆಯಾಡಿಸಬೇಡಿ. ಅಂಗಡಿಯವರ ಎದುರಿಗೇ ಮಣಿ ಎಣಿಸಿ, ಸ್ಕೇಲು ಪಕ್ಕದಲ್ಲಿಟ್ಟು ಫೋಟೊ ತೆಗೆದುಕೊಳ್ಳಿ, ಸಂಖ್ಯೆಯನ್ನೂ ತೂಕವನ್ನೂ ಚೀಟಿಯಲ್ಲಿ ಬರೆಸಿ. ಬೆಂಕಿಯ ಕೆಲಸವಿದ್ದರೆ ಮುತ್ತನ್ನು ಮೊದಲು ಬಿಡಿಸಿ ನಿಮ್ಮ ಕೈಗೇ ಕೊಡಲಿ. ಬಹಳ ಇದ್ದರೆ ಮುಂಬೈಯಂಥ ಊರಿನ ರತ್ನ ಪರೀಕ್ಷಾ ಪ್ರಯೋಗಾಲಯದಲ್ಲಿ ಎಕ್ಸ್‌ರೇ ಮಾಡಿಸಿದ ಮೇಲೆಯೇ ಬೆಲೆಯ ಮಾತು. ಒಡೆದದ್ದು, ಉಳಿದದ್ದು ಯಾವುದನ್ನೂ ಅಲ್ಲೇ ಬಿಡದೆ ಪೊಟ್ಟಣ ಕಟ್ಟಿಸಿ ತನ್ನಿ.